ಬರದ ವರ್ಷದ ನಳ: ಹುಬ್ಬಳ್ಳಿ-ಧಾರವಾಡದಲ್ಲಿ ದಿನ ಎಣಿಸುವುದು ಬಿಟ್ಟು ಲೀಟರ್ ಎಣಿಸಬೇಕು

ಮಳೆ ಕೈಕೊಟ್ಟ ವರ್ಷ ಹುಬ್ಬಳ್ಳಿ-ಧಾರವಾಡದಲ್ಲಿ ಇಬ್ಬರು ಭೇಟಿಯಾದರೆ ಮೊದಲು ಬರುವ ಮಾತು ಒಂದೇ. "ನಿಮ್ಮ ಕಡೆ ಎಷ್ಟ್ ದಿನಕ್ಕ ನಳ ಬಿಡಾಕತ್ತಾರ್ರೀ?" ಐದು ದಿನ ಅಂದವರು ಪುಣ್ಯವಂತರು. ಎಂಟು ಅಂದರೆ ಯಾರೂ ಹುಬ್ಬೇರಿಸುವುದಿಲ್ಲ. ಹತ್ತು ದಾಟಿತು ಅಂದರೆ ಮಾತು ಟ್ಯಾಂಕರ್ ಕಡೆ ಹೊರಳುತ್ತದೆ. ಜನ ಮಾತ್ರ ಅಂತಲ್ಲ, ನೀರು ಕೊಡುವವರೂ ಬರವನ್ನು ಅಳೆಯುವುದು ಈ ದಿನಗಳ ಲೆಕ್ಕದಲ್ಲೇ. ಜಲಾಶಯ ಇಳಿಯಿತಾ, ಸರದಿಯನ್ನು ಎರಡು ದಿನ ಮುಂದೆ ಹಾಕು. ಇನ್ನೂ ಇಳಿಯಿತಾ, ಮತ್ತೆರಡು ದಿನ.

ಇದು ಎಷ್ಟು ರೂಢಿಯಾಗಿದೆ ಅಂದರೆ ಬೇರೆ ದಾರಿ ಇರಬಹುದು ಅಂತಲೇ ಯಾರಿಗೂ ಅನಿಸುವುದಿಲ್ಲ. ನನ್ನ ಪ್ರಕಾರ ಬರದಲ್ಲಿ ಒಂದು ಊರು ನೀರು ನಿಭಾಯಿಸಲು ಇರುವ ದಾರಿಗಳಲ್ಲಿ ಇದು ಎಲ್ಲಕ್ಕಿಂತ ಕೆಟ್ಟದ್ದು. ಅಂದುಕೊಂಡಷ್ಟು ನೀರು ಉಳಿಯುವುದಿಲ್ಲ. ಕಷ್ಟವೆಲ್ಲ ಹೋಗಿ ಬೀಳುವುದು ನೀರು ತುಂಬಿಡಲು ಜಾಗವೇ ಇಲ್ಲದ ಮನೆಗಳ ಮೇಲೆ. ಯಾಕೆ ಅಂತ ನೋಡೋಣ. ಅದಕ್ಕೆ ಮೊದಲು ಈ ನೀರು ಎಲ್ಲಿಂದ ಬರುತ್ತದೆ ಅಂತ ಗೊತ್ತಿರಬೇಕು.

ಎರಡು ಜಲಾಶಯ, ಎರಡು ಬೇರೆ ಮಳೆ

ಅವಳಿ ನಗರದ ಪಕ್ಕದಲ್ಲಿ ದೊಡ್ಡ ನದಿ ಇಲ್ಲ. ಊರು ಕೂತಿರುವುದೇ ದಿಣ್ಣೆಯ ಮೇಲೆ. ಧಾರವಾಡದ ಸೋಮೇಶ್ವರದ ಹತ್ತಿರ ಹುಟ್ಟುವ ಶಾಲ್ಮಲಾ ಪಶ್ಚಿಮಕ್ಕೆ ಇಳಿದು ಅರಬ್ಬಿ ಸಮುದ್ರದ ದಾರಿ ಹಿಡಿಯುತ್ತದೆ. ಪೂರ್ವದ ಕಡೆ ಬಿದ್ದ ಮಳೆ ಹಳ್ಳಗಳಲ್ಲಿ ಹರಿದು ಮಲಪ್ರಭೆಗೆ, ಅಲ್ಲಿಂದ ಕೃಷ್ಣೆಗೆ ಹೋಗುತ್ತದೆ. ನೀರು ಎರಡೂ ಕಡೆ ಇಳಿದು ಹೋಗುವ ಜಾಗದಲ್ಲಿ ಹತ್ತು ಲಕ್ಷದಷ್ಟು ಜನ ಇದ್ದಾರೆ. 2011ರ ಜನಗಣತಿಯಲ್ಲೇ ಪಾಲಿಕೆಯ ಜನಸಂಖ್ಯೆ 9.43 ಲಕ್ಷ ಇತ್ತು.

ಹಿಂದೆ ಕೆರೆಗಳೇ ಆಸರೆ. ಊರು ಬೆಳೆದಂತೆ ಕೆರೆ ಸಾಲದಾಯಿತು. 1950ರ ದಶಕದಲ್ಲಿ ಕಲಘಟಗಿ ತಾಲ್ಲೂಕಿನಲ್ಲಿ ಬೇಡ್ತಿ ಹಳ್ಳಕ್ಕೆ ಅಡ್ಡ ಕಟ್ಟಿ ನೀರಸಾಗರ ಮಾಡಿದರು. ಅದೂ ಸಾಲಲಿಲ್ಲ. 1980ರ ದಶಕದಲ್ಲಿ ಸವದತ್ತಿ ಹತ್ತಿರದ ನವಿಲುತೀರ್ಥ ಅಣೆಕಟ್ಟಿನಿಂದ ಮಲಪ್ರಭಾ ನೀರು ಬಂತು. ಈಗ ಊರಿನ ಬಹುಪಾಲು ನೀರು ಅಲ್ಲಿಯದು. ಸವದತ್ತಿಯಲ್ಲಿ ಪಂಪ್ ಕೂರಿಸಿದ ಬಾವಿಯಿಂದ, ಅಂದರೆ ಜಾಕ್‌ವೆಲ್‌ನಿಂದ ಎತ್ತಿ, ಅಮ್ಮಿನಬಾವಿಯಲ್ಲಿ ಶುದ್ಧ ಮಾಡಿ ಊರಿಗೆ ಕಳಿಸುತ್ತಾರೆ. ಜಲಾಶಯ ಪೂರ್ತಿ ತುಂಬಿದಾಗ ನೀರಿನ ಮಟ್ಟ 2,079.5 ಅಡಿ, ಅಂದರೆ ಸಮುದ್ರಮಟ್ಟದಿಂದ ಸುಮಾರು 634 ಮೀಟರ್. ಧಾರವಾಡ ಅದಕ್ಕಿಂತ ಸುಮಾರು ನೂರು ಮೀಟರ್ ಎತ್ತರದಲ್ಲಿದೆ. ಹಾಗಾಗಿ ನಮ್ಮ ನಳದ ಪ್ರತಿ ಕೊಡದ ಹಿಂದೆ ಕರೆಂಟ್ ಬಿಲ್ ಇದೆ. ಸವದತ್ತಿ ಕಡೆ ಕರೆಂಟ್ ಹೋದರೆ ಇಲ್ಲಿ ಸರದಿ ತಪ್ಪುತ್ತದೆ.

ಇಲ್ಲೊಂದು ವಿಷಯವನ್ನು ನಾವು ಮರೆಯುತ್ತೇವೆ. ಧಾರವಾಡದಲ್ಲಿ ಜೋರು ಮಳೆಯಾದರೆ "ಈ ವರ್ಷ ನೀರಿಗೆ ತೊಂದ್ರಿ ಇಲ್ಲ ಬಿಡ್ರಿ" ಅಂತ ಮಾತಾಡಿಕೊಳ್ಳುತ್ತೇವೆ. ಆದರೆ ಮಲಪ್ರಭೆ ಹುಟ್ಟುವುದು ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ. ನವಿಲುತೀರ್ಥ ತುಂಬುವುದು ಮುಖ್ಯವಾಗಿ ಆ ಘಟ್ಟದ ಮಳೆಗೆ. ನಮ್ಮ ಅಂಗಳದಲ್ಲಿ ಬಿದ್ದದ್ದು ನಮ್ಮ ನಳಕ್ಕೆ ಬರುವುದಿಲ್ಲ. ನೀರಸಾಗರದ ಕಥೆ ಇದಕ್ಕೆ ಉಲ್ಟಾ. ಅದು ಸುತ್ತಲಿನ ಸ್ಥಳೀಯ ಮಳೆಯನ್ನೇ ನಂಬಿದೆ. ನದಿ ಅಂತ ಏನೂ ಇಲ್ಲ, ಹಳ್ಳ ಹರಿದರೆ ತುಂಬೀತು. 2016-17ರಲ್ಲಿ ಅದು ಒಣಗಿ ನೆಲ ಕಂಡಿತು. 2019ರ ದೊಡ್ಡ ಮಳೆಗೆ ತುಂಬಿತು. ಎರಡು ಮೂಲಗಳು ಬೇರೆ ಬೇರೆ ಮಳೆಯನ್ನು ನಂಬಿರುವುದು ಒಳ್ಳೆಯದೇ, ಒಂದು ಕೈಕೊಟ್ಟರೆ ಇನ್ನೊಂದು ಇರಲಿ ಅಂತ. ಆದರೆ ಎರಡೂ ಒಟ್ಟಿಗೆ ಕೈಕೊಡುವ ವರ್ಷವೂ ಬರುತ್ತದೆ. ಅದೇ ನಿಜವಾದ ಬರ.

ಊರಿಗೆ ಬೇಕಾದದ್ದು ಎಷ್ಟು?

ಈಗ ಸ್ವಲ್ಪ ಲೆಕ್ಕ ಮಾಡೋಣ. ಒಳಚರಂಡಿ ಇರುವ ನಗರದಲ್ಲಿ ಒಬ್ಬರಿಗೆ ದಿನಕ್ಕೆ 135 ಲೀಟರ್ ಕೊಡಬೇಕು ಅನ್ನುವುದು ಕೇಂದ್ರದ ಮಾನದಂಡ. ಹತ್ತು ಲಕ್ಷ ಜನರಿಗೆ ದಿನಕ್ಕೆ 13.5 ಕೋಟಿ ಲೀಟರ್ ಆಯಿತು. ವರ್ಷಕ್ಕೆ ಸುಮಾರು 4,930 ಕೋಟಿ ಲೀಟರ್. ಒಂದು ಟಿಎಂಸಿ ಅಂದರೆ ಸುಮಾರು 2,830 ಕೋಟಿ ಲೀಟರ್. ಹಾಗಾದರೆ ಇಡೀ ಅವಳಿ ನಗರಕ್ಕೆ ವರ್ಷಪೂರ್ತಿ, ಮಾನದಂಡದ ಪ್ರಕಾರ, ಒಂದು ಹನಿಯೂ ಪೋಲಾಗದೆ ಕೊಟ್ಟರೆ ಬೇಕಾಗುವುದು 1.75 ಟಿಎಂಸಿಯಷ್ಟು. ನವಿಲುತೀರ್ಥದ ಸಾಮರ್ಥ್ಯ 37.73 ಟಿಎಂಸಿ.

ಈ ಎರಡು ಸಂಖ್ಯೆಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ನನಗೆ ಪ್ರತಿ ಸಲವೂ ಸಂಕಟವಾಗುತ್ತದೆ. ಜಲಾಶಯ ಅರ್ಧಕ್ಕೂ ಕಡಿಮೆ ತುಂಬಿದ ವರ್ಷದಲ್ಲೂ ಊರಿನ ಕುಡಿಯುವ ನೀರು ಅದರ ಒಂದು ಸಣ್ಣ ಪಾಲು. ಹಾಗಾದರೆ ಕೊರತೆ ಎಲ್ಲಿಂದ ಬಂತು?

ಒಂದು ಭಾಗ ಆವಿ. ಅಗಲವಾಗಿ ಹರಡಿಕೊಂಡ ಜಲಾಶಯದಿಂದ ಬಿಸಿಲಿಗೆ ಹೋಗುವ ನೀರು ಕಡಿಮೆಯೇನಲ್ಲ. ಒಂದು ಚದರ ಕಿಲೋಮೀಟರ್ ಹರವಿನ ಮೇಲಿಂದ ಒಂದು ಮೀಟರ್ ನೀರು ಆರಿದರೆ 100 ಕೋಟಿ ಲೀಟರ್ ಹೋಯಿತು. ಮೇಲಿನ ಲೆಕ್ಕದಲ್ಲಿ ಅದು ಇಡೀ ಊರಿಗೆ ಒಂದು ವಾರದ ನೀರು. ನವಿಲುತೀರ್ಥದ ಹಿನ್ನೀರು ಹತ್ತಾರು ಚದರ ಕಿಲೋಮೀಟರ್ ಹರಡಿದೆ. ಇನ್ನೊಂದು ಭಾಗ ಜಲಾಶಯದ ತಳ. ನೀರು ಜಾಕ್‌ವೆಲ್ ಬಾಯಿಗಿಂತ ಕೆಳಗೆ ಇಳಿದರೆ ಅದು ಕಣ್ಣಿಗೆ ಕಾಣುತ್ತದೆ, ಕೈಗೆ ಸಿಗುವುದಿಲ್ಲ. ತೇಲುವ ಪಂಪ್ ಹಾಕಿ ಎತ್ತಬೇಕು. ಎತ್ತಿದ್ದರಲ್ಲೂ ಕೆಸರು, ಪಾಚಿ, ವಾಸನೆ. ಶುದ್ಧ ಮಾಡುವ ಖರ್ಚು ಏರುತ್ತದೆ. ಹಾಗಾಗಿ "ಡ್ಯಾಮ್‌ನ್ಯಾಗ ಇನ್ನೂ ಇಷ್ಟ್ ನೀರೈತಿ" ಅನ್ನುವ ಸಂಖ್ಯೆ ಬೇಸಿಗೆಯಲ್ಲಿ ಸುಮ್ನೆ ಸಮಾಧಾನ ಕೊಡುವ ಸಂಖ್ಯೆ. ಬೇಕಾದದ್ದು ಬಳಸಬಹುದಾದ ನೀರಿನ ಸಂಖ್ಯೆ.

ಮೂರನೆಯದು ಹಂಚಿಕೆ. ಈ ವಿಷಯವನ್ನು ಹುಷಾರಾಗಿ ಮಾತಾಡಬೇಕು.

ಕಾಲುವೆ ಮತ್ತು ನಳ

ಮಲಪ್ರಭಾ ಅಣೆಕಟ್ಟು ಕಟ್ಟಿದ್ದು ನೀರಾವರಿಗೆ. ಬೆಳಗಾವಿ, ಧಾರವಾಡ, ಗದಗ, ಬಾಗಲಕೋಟೆ ಜಿಲ್ಲೆಗಳ ಲಕ್ಷಾಂತರ ಎಕರೆ ಆ ಕಾಲುವೆಗಳನ್ನು ನಂಬಿದೆ. ನವಲಗುಂದ, ನರಗುಂದ, ರೋಣದ ಎರೆಹೊಲದ ರೈತರಿಗೆ ಈ ನೀರಿನ ಜೊತೆ ಇರುವ ಸಂಬಂಧ ಬರೀ ಬೆಳೆಯದಲ್ಲ. 1980ರ ಜುಲೈ 21ರಂದು, ಕಾಲುವೆ ನೀರೇ ಸರಿಯಾಗಿ ಬಾರದಿದ್ದರೂ ಕರ ಕಟ್ಟಿ ಅಂದದ್ದಕ್ಕೆ ಎದ್ದ ಚಳವಳಿಯಲ್ಲಿ ಅಲ್ಲಿ ಗೋಲಿಬಾರ್ ಆಯಿತು, ರೈತರು ಸತ್ತರು. 2015ರ ಜುಲೈನಿಂದ ಮಹದಾಯಿ ನೀರಿಗಾಗಿ ನರಗುಂದದಲ್ಲಿ ಧರಣಿ ಕೂತರು. ಅಂಥ ಜನರ ಮುಂದೆ ಹೋಗಿ "ಊರಿಗೆ ನೀರು ಬೇಕು, ಕಾಲುವೆ ಬಂದ್ ಮಾಡ್ತೀವಿ" ಅಂತ ಮಾರ್ಚ್‌ನಲ್ಲಿ ಹೇಳುವುದು ಸರಿಯಲ್ಲ. ಆಗ ಹೊಲದಲ್ಲಿ ಬೆಳೆ ನಿಂತಿರುತ್ತದೆ, ಬೀಜ ಗೊಬ್ಬರಕ್ಕೆ ಸಾಲ ಆಗಿರುತ್ತದೆ.

ಕುಡಿಯುವ ನೀರಿಗೆ ಮೊದಲ ಆದ್ಯತೆ ಅಂತ ರಾಷ್ಟ್ರೀಯ ಜಲ ನೀತಿ 2002ರಲ್ಲೇ ಹೇಳಿದೆ. ಅದರಲ್ಲಿ ತಕರಾರಿಲ್ಲ. ಆದರೆ ಆದ್ಯತೆ ಅಂದರೆ ಕೊನೆಗೆ ಬಂದು ಕಸಿದುಕೊಳ್ಳುವ ಹಕ್ಕು ಅಂತಲ್ಲ, ಮೊದಲೇ ತೆಗೆದಿಡುವ ಜವಾಬ್ದಾರಿ ಅಂತ ಅರ್ಥ ಮಾಡಿಕೊಳ್ಳಬೇಕು. ಮುಂಗಾರು ಮುಗಿದ ಮೇಲೆ ಜಲಾಶಯದಲ್ಲಿ ಎಷ್ಟಿದೆ ಅಂತ ಅಕ್ಟೋಬರ್ ಹೊತ್ತಿಗೆ ಗೊತ್ತಾಗಿರುತ್ತದೆ. ಹಿಂಗಾರು ಮಳೆ ಮಲಪ್ರಭೆಗೆ ಹೆಚ್ಚೇನೂ ಸೇರಿಸುವುದಿಲ್ಲ. ನೀರಾವರಿ ಸಲಹಾ ಸಮಿತಿ ಸೇರಿ ಕಾಲುವೆಗೆ ಎಷ್ಟು ಬಿಡಬೇಕು ಅಂತ ತೀರ್ಮಾನಿಸುವಾಗಲೇ, ಮುಂದಿನ ವರ್ಷದ ಜುಲೈ ಕೊನೆಯವರೆಗೆ ಕುಡಿಯಲು ಎಷ್ಟು ಬೇಕು, ಆವಿಗೆ ಎಷ್ಟು ಹೋಗುತ್ತದೆ, ತಳದಲ್ಲಿ ಎಷ್ಟು ಸಿಗುವುದಿಲ್ಲ, ಎಲ್ಲ ಕಳೆದು ಉಳಿದದ್ದು ಇಷ್ಟು ಅಂತ ಬಹಿರಂಗವಾಗಿ ಹೇಳಬೇಕು. ಜುಲೈ ಕೊನೆ ಅಂತ ಯಾಕೆ ಅಂದರೆ ಜೂನ್‌ನಲ್ಲಿ ಘಟ್ಟದ ಮಳೆ ತಡವಾದರೆ ಹೊಸ ನೀರು ಬರುವುದೂ ತಡ. ಮೇ 31ಕ್ಕೆ ಲೆಕ್ಕ ಮುಗಿಸಿದರೆ ಜೂನ್‌ನಲ್ಲಿ ಸಿಕ್ಕಿಹಾಕಿಕೊಳ್ಳುತ್ತೇವೆ.

ರೈತನಿಗೂ ಇದೇ ಅನುಕೂಲ. ಎರಡು ಸಲ ಮಾತ್ರ ನೀರು ಬಿಡುತ್ತೇವೆ ಅಂತ ಅಕ್ಟೋಬರ್‌ನಲ್ಲೇ ಗೊತ್ತಾದರೆ ಅವನು ಕಡಲೆ, ಬಿಳಿಜೋಳ ಹಾಕಿಕೊಂಡು ಸುಧಾರಿಸಿಕೊಳ್ಳುತ್ತಾನೆ. ಎರೆಮಣ್ಣಿನ ಹಸಿಯಲ್ಲೇ ಬರುವ ಬೆಳೆ ಅವು. ಇನ್ನೊಂದು ಮಾತು: ಆ ತಾಲ್ಲೂಕುಗಳ ಎಷ್ಟೋ ಹಳ್ಳಿಗಳಲ್ಲಿ ಬೋರಿನ ನೀರು ಸವಳು, ಬಾಯಿಗೆ ಹಾಕಲು ಆಗುವುದಿಲ್ಲ. ಕಾಲುವೆಯಿಂದ ಕೆರೆ ತುಂಬಿಸಿ ಆ ಕೆರೆ ನೀರನ್ನೇ ಕುಡಿಯುತ್ತಾರೆ. ಹಾಗಾಗಿ ಕುಡಿಯುವ ನೀರಿನ ಮೀಸಲು ಅಂದರೆ ಅವಳಿ ನಗರದ ಮೀಸಲು ಮಾತ್ರ ಅಂತ ಭಾವಿಸಿದರೆ ಅದು ದೊಡ್ಡ ಅನ್ಯಾಯ. ಆ ಕೆರೆಗಳೂ ಅದೇ ಲೆಕ್ಕದಲ್ಲಿ ಸೇರಬೇಕು.

ಹೀಗೆ ಮೊದಲೇ ಮಾಡಲು ಆಗುವುದಿಲ್ಲ ಅನ್ನುವವರು 2023ನ್ನು ನೆನಪಿಸಿಕೊಳ್ಳಲಿ. ಆ ವರ್ಷದ ಆಗಸ್ಟ್, 1901ರಿಂದ ಇರುವ ದೇಶದ ದಾಖಲೆಯಲ್ಲೇ ಅತಿ ಕಡಿಮೆ ಮಳೆಯ ಆಗಸ್ಟ್. ಸೆಪ್ಟೆಂಬರ್ 13ಕ್ಕೆ ರಾಜ್ಯ ಸರ್ಕಾರ 195 ತಾಲ್ಲೂಕುಗಳನ್ನು ಬರಪೀಡಿತ ಅಂತ ಘೋಷಿಸಿತು. ಆಮೇಲೆ ಆ ಸಂಖ್ಯೆ 236ರಲ್ಲಿ 223ಕ್ಕೆ ಮುಟ್ಟಿತು. ಬೇಸಿಗೆಗೆ ಐದು ತಿಂಗಳು ಮೊದಲೇ ಎಲ್ಲರಿಗೂ ಗೊತ್ತಿತ್ತು ಅಂತಾಯಿತು. ಅದೇ ಬರದಲ್ಲಿ ಬೆಂಗಳೂರು ಕಾರು ತೊಳೆಯಲು, ಗಿಡಕ್ಕೆ ಹಾಕಲು ಕುಡಿಯುವ ನೀರು ಬಳಸಿದರೆ 5,000 ರೂಪಾಯಿ ದಂಡ ಅಂತ ಆದೇಶ ಮಾಡಿದ್ದು 2024ರ ಮಾರ್ಚ್‌ನಲ್ಲಿ. ಅಷ್ಟು ಹೊತ್ತಿಗೆ ಅಲ್ಲಿ ಸಾವಿರಾರು ಬೋರ್‌ವೆಲ್ ಬತ್ತಿ ಹೋಗಿದ್ದವು. ರಾಜಧಾನಿಯೇ ಹಾಗೆ ಮಾಡಿದಾಗ ನಮ್ಮ ಪಾಲಿಕೆಯನ್ನು ಒಂದನ್ನೇ ದೂರುವುದು ಸರಿಯಲ್ಲ. ಆದರೆ ಆ ಐದು ತಿಂಗಳು ಪ್ರತಿ ಬರದಲ್ಲೂ ಹೀಗೇ ಕಳೆದುಹೋಗುತ್ತಿದೆ.

ಎರಡು ಡ್ರಮ್, ಹದಿನೈದು ಕೊಡ

ಈಗ ದಿನಗಳ ಲೆಕ್ಕಕ್ಕೆ ಬರೋಣ.

ಐದು ಜನರ ಒಂದು ಮನೆ. ಎಂಟು ದಿನಕ್ಕೊಮ್ಮೆ ನಳ. ಮನೆ ಕಟ್ಟುವಾಗ ಆರು ಸಾವಿರ ಲೀಟರಿನ ಸಂಪು ತೆಗೆಸಿ, ಮೇಲೆ ಸಿಂಟೆಕ್ಸ್ ಇಟ್ಟವರಿಗೆ ಈ ಸರದಿಯ ಬಿಸಿ ತಟ್ಟುವುದೇ ಇಲ್ಲ. ಐದು ಜನಕ್ಕೆ ಎಂಟು ದಿನಕ್ಕೆ, 135 ಲೀಟರ್ ಲೆಕ್ಕದಲ್ಲಿ ಬೇಕಾಗುವುದು 5,400 ಲೀಟರ್. ನಳ ಬಂದಾಗ ಅಷ್ಟೂ ತುಂಬಿಕೊಳ್ಳುತ್ತಾರೆ. ಬರ ಇದೆ ಅನ್ನುವುದು ಪೇಪರ್ ನೋಡಿದಾಗಲೇ ಗೊತ್ತು.

ಇನ್ನೊಂದು ಮನೆ. ಒಂದೇ ಖೋಲಿ, ಬಾಡಿಗೆ. ಎರಡು ಡ್ರಮ್ ಇಡಲಷ್ಟೇ ಜಾಗ, ತಲಾ 200 ಲೀಟರ್. ಅದರ ಜೊತೆ ಹದಿನೈದು ಕೊಡ, ಒಂದೊಂದಕ್ಕೆ 15 ಲೀಟರ್ ಅಂದುಕೊಳ್ಳಿ. ಮನೆಯಲ್ಲಿರುವ ಎಲ್ಲ ಪಾತ್ರೆ ತುಂಬಿದರೂ 625 ಲೀಟರ್. ಅದನ್ನು ಐದು ಜನ ಎಂಟು ದಿನ ಹಂಚಿಕೊಂಡರೆ ಒಬ್ಬರಿಗೆ ದಿನಕ್ಕೆ 16 ಲೀಟರೂ ಬರುವುದಿಲ್ಲ. ಕುಡಿಯುವುದು, ಅಡುಗೆ, ಪಾತ್ರೆ, ಬಟ್ಟೆ, ಸ್ನಾನ, ಪಾಯಖಾನೆ, ಎಲ್ಲ ಅದರಲ್ಲೇ ಆಗಬೇಕು. ನಳದಲ್ಲಿ ಮೂರು ತಾಸು ನೀರು ಬಂದರೂ ಅವರಿಗೆ ಮೊದಲ ಅರ್ಧ ತಾಸಿನದ್ದೇ ಉಪಯೋಗ. ಉಳಿದದ್ದು ಹಿಡಿಯಲು ಪಾತ್ರೆ ಇಲ್ಲ.

ಸರದಿಯನ್ನು ಐದು ದಿನದಿಂದ ಎಂಟು ದಿನಕ್ಕೆ ಒಯ್ದಾಗ ಆಗುವುದು ಇಷ್ಟೇ. ಸಂಪು ಇದ್ದವರ ಬಳಕೆ ಅಷ್ಟಾಗಿ ಇಳಿಯುವುದಿಲ್ಲ. ಡ್ರಮ್ ಇದ್ದವರ ಬಳಕೆ 25 ಲೀಟರಿನಿಂದ 16ಕ್ಕೆ ಬೀಳುತ್ತದೆ. ಊರಿನ ಉಳಿತಾಯದಲ್ಲಿ ದೊಡ್ಡ ಪಾಲನ್ನು ಮೊದಲೇ ಕಡಿಮೆ ಬಳಸುವವರೇ ಕೊಡುತ್ತಾರೆ. ಇದಕ್ಕಿಂತ ಅನ್ಯಾಯದ ರೇಷನ್ ಇನ್ನೊಂದಿರಲಿಕ್ಕಿಲ್ಲ. ಹೆಣ್ಣುಮಕ್ಕಳ ದಗದ, ಕೂಲಿ ಹೋಗುವುದು ಬೇರೆ. ಬೆಳಗಿನ ಜಾವ ಬರಬೇಕಾದ ನೀರು ಮಧ್ಯಾಹ್ನ ಬಂದರೆ ಆ ದಿನದ ದುಡಿಮೆ ಹೋಯಿತು. 2011ರ ಸುಮಾರಿಗೆ ಹುಬ್ಬಳ್ಳಿಯಲ್ಲೇ ನೆಕ್ಸ್ಟ್‌ಡ್ರಾಪ್ ಅನ್ನುವ ಸೇವೆ ಶುರುವಾಗಿತ್ತು. ವಾಲ್ವ್‌ಮನ್ ವಾಲ್ವ್ ತೆರೆಯುವ ಹೊತ್ತನ್ನು ಫೋನ್ ಮಾಡಿ ತಿಳಿಸಬೇಕು, ಅದು ಆ ಭಾಗದ ಮನೆಗಳಿಗೆ ಎಸ್ಸೆಮ್ಮೆಸ್ ಆಗಿ ಹೋಗಬೇಕು. ನೀರು ಒಂದು ಹನಿ ಜಾಸ್ತಿ ಕೊಡದೆ, ಬರೀ ಹೊತ್ತು ಹೇಳುವುದರಿಂದಲೇ ಜನರ ಎಷ್ಟು ತಾಪತ್ರಯ ತಪ್ಪಬಹುದು ಅಂತ ತೋರಿಸಿದ ಪ್ರಯತ್ನ ಅದು. ಈಗ ಎಲ್ಲರ ಕೈಯಲ್ಲೂ ವಾಟ್ಸ್‌ಆ್ಯಪ್ ಇದೆ. ವಾರ್ಡ್‌ವಾರು ಹೊತ್ತು ತಿಳಿಸುವುದಕ್ಕೆ ಹೊಸ ಯೋಜನೆಯೇನೂ ಬೇಕಿಲ್ಲ.

ಆರೋಗ್ಯದ ಮಾತು ಇನ್ನೂ ಗಂಭೀರ. ಡೆಂಗಿ ಹರಡುವ ಈಡಿಸ್ ಸೊಳ್ಳೆ ಶುದ್ಧವಾಗಿ ನಿಂತ ನೀರಿನಲ್ಲೇ ಮೊಟ್ಟೆ ಇಡುತ್ತದೆ. ಮೊಟ್ಟೆ ಸೊಳ್ಳೆಯಾಗಲು ಏಳರಿಂದ ಹತ್ತು ದಿನ ಸಾಕು. ಆರೋಗ್ಯ ಇಲಾಖೆಯವರು ವಾರಕ್ಕೊಮ್ಮೆ ಡ್ರಮ್ ಪೂರ್ತಿ ಖಾಲಿ ಮಾಡಿ ತಿಕ್ಕಿ ಒಣಗಿಸಿ ಅನ್ನುತ್ತಾರೆ. ಎಂಟು, ಹತ್ತು ದಿನಕ್ಕೊಮ್ಮೆ ನೀರು ಬಂದರೆ ಡ್ರಮ್ ಖಾಲಿ ಮಾಡುವುದು ಹೇಗೆ? ನಮ್ಮ ಸರದಿ ಸೊಳ್ಳೆಯ ಸರದಿಗೆ ಸರಿಯಾಗಿ ಹೊಂದಿಕೊಂಡಿದೆ.

ಪೈಪಿನೊಳಗೂ ತೊಂದರೆ ಇದೆ. ನೀರು ನಿಲ್ಲಿಸಿದ ದಿನಗಳಲ್ಲಿ ಪೈಪು ಖಾಲಿ. ಒತ್ತಡ ಇಲ್ಲದ ಪೈಪಿಗೆ ಬಿರುಕಿನಿಂದ ಸುತ್ತಲಿನ ಗಟಾರದ ನೀರು ಒಳಗೆ ಇಳಿಯುತ್ತದೆ. ಮತ್ತೆ ವಾಲ್ವ್ ತೆರೆದಾಗ ಮೊದಲು ಬರುವುದು ಆ ನೀರು, ಅದರ ಜೊತೆ ಪೈಪಿನ ಒಳಗೆ ಕೂತ ಕೊಳೆ. ಇದು ಊಹೆಯ ಮಾತಲ್ಲ. ಹುಬ್ಬಳ್ಳಿ-ಧಾರವಾಡದಲ್ಲೇ ಸರದಿಯ ವಾರ್ಡ್‌ಗಳನ್ನೂ ದಿನವಿಡೀ ನೀರು ಬರುವ ವಾರ್ಡ್‌ಗಳನ್ನೂ ಹೋಲಿಸಿ ಸಂಶೋಧಕರು ನೀರು ಪರೀಕ್ಷೆ ಮಾಡಿದ್ದಾರೆ. ಸರದಿಯ ನೀರಿನಲ್ಲಿ, ಅದರಲ್ಲೂ ಮೊದಲು ಬಂದ ನೀರಿನಲ್ಲಿ, ಕಲ್ಮಶ ಜಾಸ್ತಿ ಸಿಕ್ಕಿತು. 2015ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ಮನೆಮನೆಯ ಕಾಯಿಲೆ ಲೆಕ್ಕ ಹಾಕಿತು. ಒಟ್ಟಾರೆ ವಾಂತಿಭೇದಿಯಲ್ಲಿ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ಆದರೆ ದಿನವಿಡೀ ನೀರು ಬರುವ ಕಡೆ ಟೈಫಾಯಿಡ್ ಕಡಿಮೆ ಇತ್ತು, ಕಡಿಮೆ ಆದಾಯದ ಮನೆಗಳ ಮಕ್ಕಳಲ್ಲಿ ರಕ್ತಭೇದಿ ಕಡಿಮೆ ಇತ್ತು. ಬರದಲ್ಲಿ ಸರದಿ ಉದ್ದ ಮಾಡಿದಷ್ಟೂ ಈ ಖಾಲಿ ಪೈಪಿನ ದಿನಗಳು ಜಾಸ್ತಿಯಾಗುತ್ತವೆ.

ಸೋರಿಕೆ ಅನ್ನುವ ಮೂರನೇ ಜಲಾಶಯ

ಮೇಲೆ 13.5 ಕೋಟಿ ಲೀಟರ್ ಅಂದದ್ದು ಮನೆಗೆ ಮುಟ್ಟಬೇಕಾದ ನೀರು. ದಾರಿಯಲ್ಲಿ ನೂರಕ್ಕೆ ನಲವತ್ತು ಪಾಲು ಹೋಗುತ್ತದೆ ಅಂತ ಇಟ್ಟುಕೊಂಡರೆ ಅಷ್ಟು ಮುಟ್ಟಿಸಲು 22.5 ಕೋಟಿ ಲೀಟರ್ ಎತ್ತಬೇಕು. ಅದೇ ಸೋರಿಕೆಯನ್ನು ಮೂವತ್ತಕ್ಕೆ ಇಳಿಸಿದರೆ 19.3 ಕೋಟಿ ಸಾಕು. ಉಳಿದದ್ದು ದಿನಕ್ಕೆ 3.2 ಕೋಟಿ ಲೀಟರ್. ಐದು ಸಾವಿರ ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ ದಿನಕ್ಕೆ 6,400 ಟ್ಯಾಂಕರ್. ಯಾವ ಬರದಲ್ಲೂ ಯಾವ ಪಾಲಿಕೆಯೂ ಇಷ್ಟು ಟ್ಯಾಂಕರ್ ಓಡಿಸಲಾರದು.

ನಮ್ಮಲ್ಲಿ ಸೋರಿಕೆಗೆ ನೆಲವೂ ಕಾರಣ. ಹುಬ್ಬಳ್ಳಿ ಕಡೆ ಎರೆಮಣ್ಣು. ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಬಿರಿಯುತ್ತದೆ. ಪೈಪು ಅದರ ಜೊತೆ ಏರಿಳಿದು ಜೋಡಣೆ ಸಡಿಲಾಗುತ್ತದೆ. ಬರದ ಬೇಸಿಗೆಯಲ್ಲಿ ಮಣ್ಣು ಇನ್ನೂ ಆಳಕ್ಕೆ ಬಿರಿಯುವುದರಿಂದ, ನೀರು ಕಡಿಮೆ ಇರುವ ಹೊತ್ತಿಗೇ ಪೈಪು ಒಡೆಯುವುದೂ ಜಾಸ್ತಿ. ಧಾರವಾಡದ ಗುಡ್ಡಗಳದ್ದು ಬೇರೆ ಗೋಳು. ಮೇಲಿನ ಬಡಾವಣೆಗೆ ನೀರು ಏರಿಸಲು ಒತ್ತಡ ಹೆಚ್ಚಿಸಿದರೆ ಕೆಳಗಿನ ಪೈಪು ಸೋರುತ್ತದೆ. ತಗ್ಗಿಸಿದರೆ ಮೇಲಿನವರಿಗೆ ಬರೀ ಗಾಳಿ. ಆಗ ಜನ ನಳಕ್ಕೇ ನೇರವಾಗಿ ಮೋಟರ್ ಹಚ್ಚುತ್ತಾರೆ. ಸಾಲಿನ ಕೊನೆಯ ಮನೆಗೆ ಏನೂ ಉಳಿಯುವುದಿಲ್ಲ.

ಸರದಿ ಪದ್ಧತಿಯಲ್ಲಿ ಸೋರಿಕೆ ಹುಡುಕುವುದೂ ಕಷ್ಟ. ವಾರಕ್ಕೆ ಮೂರು ತಾಸು ಮಾತ್ರ ನೀರು ಹರಿಯುವ ಪೈಪು ಎಲ್ಲಿ ಸೋರುತ್ತದೆ ಅಂತ ಪತ್ತೆ ಮಾಡುವಷ್ಟರಲ್ಲಿ ನೀರು ನಿಂತಿರುತ್ತದೆ.

ದಿನವಿಡೀ ನೀರು ಕೊಟ್ಟರೆ ಜಾಸ್ತಿ ಖರ್ಚಾಗುವುದಿಲ್ಲವೇ ಅಂತ ಕೇಳುವವರಿದ್ದಾರೆ. ಸಹಜವಾದ ಅನುಮಾನ. ವಿಶ್ವಬ್ಯಾಂಕ್ ನೆರವಿನಲ್ಲಿ 2008ರ ಸುಮಾರಿಗೆ ಅವಳಿ ನಗರದ ಕೆಲವು ವಾರ್ಡ್‌ಗಳಲ್ಲಿ 24 ತಾಸು ನೀರಿನ ಪ್ರಯೋಗ ಶುರುವಾಯಿತು. ಬೆಳಗಾವಿ, ಕಲಬುರಗಿಯಲ್ಲೂ ಆಯಿತು. ಪೈಪು ಪೂರ್ತಿ ಬದಲಿಸಿ, ಪ್ರತಿ ಮನೆಗೂ ಮೀಟರ್ ಹಾಕಿದರು. ಅಲ್ಲಿ ಜನ ನೀರು ಹಿಡಿದಿಡುವುದು ಬಿಟ್ಟರು. ಹಳೆ ನೀರು ಚೆಲ್ಲಿ ಹೊಸ ನೀರು ತುಂಬುವ ರೂಢಿಯೂ ಹೋಯಿತು. ಆಮೇಲೆ ಇಡೀ ನಗರಕ್ಕೆ ಅದನ್ನು ಹಬ್ಬಿಸುವ ಯೋಜನೆ ಬಂತು. 2022ರಿಂದ ನೀರಿನ ನಿರ್ವಹಣೆಯೂ ಜಲಮಂಡಳಿಯಿಂದ ಖಾಸಗಿ ಕಂಪನಿಗೆ ಹೋಯಿತು. ಬಿಲ್ ಎಷ್ಟು ಬರುತ್ತದೆ, ಬಡವರ ನಳ ಕಡಿಯುತ್ತಾರಾ ಅನ್ನುವ ಭಯ ಜನರಲ್ಲಿದೆ. ಆ ಭಯಕ್ಕೆ ಉತ್ತರ ಕೊಡುವುದು ಪಾಲಿಕೆಯ ಕೆಲಸ. ಬದುಕಿಗೆ ಬೇಕಾದಷ್ಟು ನೀರು ಎಲ್ಲರಿಗೂ ಕೈಗೆಟಕುವ ದರದಲ್ಲಿ, ಅದರ ಮೇಲೆ ಬಳಸಿದವರಿಗೆ ಏರುವ ದರ, ಅಂತ ಬರೆದು ಕೊಟ್ಟರೆ ಅರ್ಧ ವಿರೋಧ ಕರಗುತ್ತದೆ.

ಬರದಲ್ಲೂ ನಳ ಬಂದ್ ಮಾಡದೆ ಬಳಕೆ ಇಳಿಸಿದ ಊರು ಇದೆ. ದಕ್ಷಿಣ ಆಫ್ರಿಕಾದ ಕೇಪ್‌ಟೌನ್ 2018ರ ಫೆಬ್ರವರಿಯಲ್ಲಿ ಒಬ್ಬರಿಗೆ ದಿನಕ್ಕೆ 50 ಲೀಟರ್ ಅಂತ ಮಿತಿ ಹಾಕಿತು. ಪೈಪಿನ ಒತ್ತಡ ತಗ್ಗಿಸಿದರು, ಜಾಸ್ತಿ ಬಳಸಿದವರಿಗೆ ದರ ಏರಿಸಿದರು. ಜಲಾಶಯದ ಮಟ್ಟವನ್ನು ವಾರವಾರ ಜನರ ಮುಂದಿಟ್ಟರು. ಅಲ್ಲಿನ ಮೇಲ್ಭಾಗದ ರೈತರು ತಮ್ಮ ಕಟ್ಟೆಗಳಿಂದ ಒಂದು ಸಾವಿರ ಕೋಟಿ ಲೀಟರ್ ನೀರು ನಗರಕ್ಕೆ ಬಿಟ್ಟುಕೊಟ್ಟರು. ಬರಕ್ಕೆ ಮೊದಲಿನ ಬಳಕೆಯ ಅರ್ಧಕ್ಕಿಂತ ಕೆಳಗೆ ಊರು ಬಂತು. ಅಲ್ಲಿ ಮನೆಗಳಿಗೆ ಮೀಟರ್ ಇತ್ತು, ನಮ್ಮಲ್ಲಿ ಎಲ್ಲ ಕಡೆ ಇಲ್ಲ, ನಿಜ. ಆದರೆ ವಾರ್ಡಿನ ಟ್ಯಾಂಕಿಗೆ ಒಂದೊಂದು ಮೀಟರ್ ಹಾಕಿ ಈ ವಾರ್ಡಿಗೆ ಇಷ್ಟು ಜನ, ಇಷ್ಟು ಲೀಟರ್ ಅಂತ ಹಂಚುವುದು ಈಗಲೂ ಆಗುವ ಕೆಲಸ. ಹತ್ತು ದಿನಕ್ಕೊಮ್ಮೆ ಮೂರು ತಾಸು ಬಿಡುವ ಬದಲು ಎರಡು ದಿನಕ್ಕೊಮ್ಮೆ ಅರ್ಧ ತಾಸು ಬಿಟ್ಟರೂ ಡ್ರಮ್ ಮನೆಯವರು ಉಸಿರಾಡುತ್ತಾರೆ. ವಾಲ್ವ್‌ಮನ್‌ಗಳ ಕೆಲಸ ಹೆಚ್ಚುತ್ತದೆ, ಜನ ಹೆಚ್ಚು ಬೇಕು. ಪೈಪು ಪದೇ ಪದೇ ತುಂಬಿಸಬೇಕಾದ್ದರಿಂದ ಸ್ವಲ್ಪ ನೀರೂ ಹೋಗುತ್ತದೆ. ಆ ಬೆಲೆ ಕೊಡಬೇಕಾದದ್ದೇ.

ಬೇರೆ ನೀರು

ಕಳಸಾ-ಬಂಡೂರಿ ಆದರೆ ಎಲ್ಲ ಸರಿಹೋಗುತ್ತದೆ ಅನ್ನುವ ಮಾತು ಪ್ರತಿ ಚುನಾವಣೆಯಲ್ಲೂ ಬರುತ್ತದೆ. ಮಹದಾಯಿ ನ್ಯಾಯಮಂಡಳಿ 2018ರ ಆಗಸ್ಟ್ 14ರಂದು ಕರ್ನಾಟಕಕ್ಕೆ ಒಟ್ಟು 13.42 ಟಿಎಂಸಿ ಕೊಟ್ಟಿತು. ಅದರಲ್ಲಿ ಕಳಸಾದಿಂದ 1.72, ಬಂಡೂರಿಯಿಂದ 2.18, ಒಟ್ಟು 3.9 ಟಿಎಂಸಿಯನ್ನು ಮಲಪ್ರಭೆಗೆ ತಿರುಗಿಸಬಹುದು. ಅದು ನಮ್ಮ ನ್ಯಾಯವಾದ ಪಾಲು, ಬರಲೇಬೇಕು. ಮೇಲಿನ ಲೆಕ್ಕದ ಪ್ರಕಾರ ಊರಿಗೆ ಅದು ದೊಡ್ಡ ಆಸರೆಯೂ ಹೌದು. ಆದರೆ ಕಳಸಾ, ಬಂಡೂರಿ ಹಳ್ಳಗಳೂ ಅದೇ ಘಟ್ಟದ ಮಳೆಯವೇ. ಮತ್ತೆ, ಸೋರುವ ಪೈಪಿಗೆ ಮಹದಾಯಿ ನೀರೂ ಒಂದೇ, ಮಲಪ್ರಭಾ ನೀರೂ ಒಂದೇ.

ಗದಗ, ಹಾವೇರಿಯವರ ಪಾಡು ಇನ್ನೊಂದು ಬಗೆಯದು. ಅವರು ತುಂಗಭದ್ರೆಯನ್ನು ನಂಬಿದ್ದಾರೆ. ಗದಗ-ಬೆಟಗೇರಿಗೆ ಮುಂಡರಗಿ ತಾಲ್ಲೂಕಿನ ಹಮ್ಮಿಗಿ ಬ್ಯಾರೇಜಿನ ನೀರು ಬರುತ್ತದೆ. ಬೇಸಿಗೆಯಲ್ಲಿ ನದಿ ಬತ್ತಿದಾಗ ಭದ್ರಾ ಜಲಾಶಯದಿಂದ ನದಿಗೆ ನೀರು ಬಿಡಿ ಅಂತ ಕೇಳಬೇಕು. ಬಿಟ್ಟ ನೀರು ದಾರಿಯಲ್ಲಿ ಪಂಪ್‌ಸೆಟ್‌ಗಳ ಪಾಲಾಗದೆ ಬಂದು ಮುಟ್ಟಬೇಕು. ಅದಕ್ಕೆ ದಂಡೆಯ ಕರೆಂಟ್ ಕಡಿಯಬೇಕು, ಅಲ್ಲಿ ಮತ್ತೆ ರೈತರ ಜೊತೆ ಜಗಳ.

ಊರೊಳಗಿನ ನೀರನ್ನೂ ನೋಡಬೇಕು. ಪಾಲಿಕೆಯ ಬೋರುಗಳ ಗಡಸು ನೀರು ಕುಡಿಯಲು ಆಗದಿದ್ದರೂ ಬಟ್ಟೆ, ಪಾಯಖಾನೆ, ಉದ್ಯಾನ, ಕಟ್ಟಡ ಕೆಲಸಕ್ಕೆ ಆಗುತ್ತದೆ. ಬರದಲ್ಲಿ ಜಿಲ್ಲಾಡಳಿತ ಖಾಸಗಿ ಬೋರುಗಳನ್ನು ಬಾಡಿಗೆಗೆ ತೆಗೆದುಕೊಳ್ಳುವ ಪದ್ಧತಿ ಇದೆ. ಯಾವ ಬೋರು, ಎಷ್ಟು ಇಳುವರಿ, ಯಾರ ಜಾಗ ಅನ್ನುವ ಪಟ್ಟಿ ಬೇಸಿಗೆಗೆ ಮೊದಲೇ ಇದ್ದರೆ ಟ್ಯಾಂಕರಿನವರು ಹೇಳಿದ್ದೇ ದರ ಅನ್ನುವುದು ತಪ್ಪುತ್ತದೆ. ಕೊಳಚೆ ನೀರು ಶುದ್ಧ ಮಾಡಿ ಬಳಸೋಣ ಅನ್ನುವ ಸಲಹೆಯೂ ಒಳ್ಳೆಯದೇ. ಆದರೆ ಒಂದು ಎಚ್ಚರ ಬೇಕು. ಊರಿನ ಕೊಳಚೆ ಹಳ್ಳದ ದಂಡೆಯಲ್ಲಿ ದಶಕಗಳಿಂದ ರೈತರು ಅದೇ ನೀರಿನಲ್ಲಿ ತರಕಾರಿ ಬೆಳೆಯುತ್ತಿದ್ದಾರೆ. ಆ ನೀರನ್ನು ಕಾರ್ಖಾನೆಗೆ ತಿರುಗಿಸುವ ಮೊದಲು ಅವರ ಜೊತೆ ಮಾತಾಡಬೇಕು. ಯಾರೂ ಬಳಸದ ನೀರು ಅಂತ ಈ ಭಾಗದಲ್ಲಿ ಯಾವುದೂ ಇಲ್ಲ.

ನೀರಸಾಗರದ ಹೂಳಿನ ವಿಷಯ ಬೇರೆಯೇ ಹೇಳಬೇಕು. ಜಲಾಶಯ ತುಂಬಿದ ವರ್ಷ ಹೂಳು ತೆಗೆಯಲು ಆಗುವುದಿಲ್ಲ. ಒಣಗಿದ ವರ್ಷವೇ ಅದಕ್ಕೆ ಸಮಯ. ಆ ಮಣ್ಣನ್ನು ಹೊಲಕ್ಕೆ ಹಾಕಿಕೊಳ್ಳಲು ಸುತ್ತಲಿನ ರೈತರಿಗೂ ಮನಸ್ಸಿರುತ್ತದೆ, ಬರದಲ್ಲಿ ಕೂಲಿ ಸಿಕ್ಕರೆ ಜನಕ್ಕೂ ಅನುಕೂಲ. ಆದರೆ ಎಲ್ಲಿ ಎಷ್ಟು ಆಳ ತೆಗೆಯಬೇಕು ಅನ್ನುವ ಸರ್ವೆ, ಮಣ್ಣು ಎಲ್ಲಿ ಹಾಕಬೇಕು ಅನ್ನುವ ತೀರ್ಮಾನ, ಟೆಂಡರ್, ಇದಕ್ಕೆಲ್ಲ ತಿಂಗಳುಗಟ್ಟಲೆ ಬೇಕು. ಏಪ್ರಿಲ್‌ನಲ್ಲಿ ತಳ ಕಂಡ ಮೇಲೆ ಫೈಲು ಶುರು ಮಾಡಿದರೆ ಜೆಸಿಬಿ ಇಳಿಯುವುದು ಮೇ ಕೊನೆಗೆ. ಜೂನ್‌ನ ಮೊದಲ ಹಳ್ಳ ಬಂದಾಗ ಅವು ಮೇಲೆ ಹತ್ತಲೇಬೇಕು. ಅಕ್ಟೋಬರ್‌ನಲ್ಲಿ ಕುಡಿಯುವ ನೀರಿನ ಮೀಸಲು ಲೆಕ್ಕ ಹಾಕುವ ಸಭೆಯಲ್ಲೇ ಈ ಸರ್ವೆಗೂ ಮಂಜೂರಾತಿ ಕೊಟ್ಟು, ಜನವರಿ ಒಳಗೆ ಟೆಂಡರ್ ಮುಗಿಸಿಟ್ಟರೆ, ನೀರು ಇಳಿದಂತೆ ದಂಡೆಯಿಂದ ಒಳಕ್ಕೆ ಕೆಲಸ ಸಾಗಿಸಲು ಮೂರು ತಿಂಗಳಾದರೂ ಸಿಗುತ್ತದೆ.